ಸೇತುವೆಯ ಈಚೆ ಜೋಳ, ಆಚೆ ಆನೆ

ಜಾಂಬಿಯಾದ ಪೂರ್ವ ಪ್ರಾಂತ್ಯದ ಹಳ್ಳಿಗಳಲ್ಲಿ ಬೆಳಕು ಹರಿಯುವ ಮೊದಲೇ ಪೊರಕೆಯ ಸದ್ದು ಏಳುತ್ತದೆ. ಮನೆಯ ಸುತ್ತ ಒಂದು ಹುಲ್ಲೆಸಳೂ ಉಳಿಯದಂತೆ ಕೆರೆದಿಟ್ಟ ಮಣ್ಣಿನ ಅಂಗಳ. ಅದನ್ನು ಹೆಂಗಸರು, ಹುಡುಗಿಯರು ದಿನವೂ ಸೊಂಟ ಬಗ್ಗಿಸಿ ಗುಡಿಸುತ್ತಾರೆ. ನೆಲ ಬಯಲಾಗಿದ್ದರೆ ಹಾವು, ಹುಳ ಕಣ್ಣಿಗೆ ಬೀಳುತ್ತವೆ. ರಾತ್ರಿ ಯಾರು ಬಂದು ಹೋದರೆಂಬುದೂ ಬೆಳಗ್ಗೆ ಗೊತ್ತಾಗುತ್ತದೆ. ನಾಯಿ, ಕತ್ತೆಕಿರುಬ, ಕೆಲವು ಸಲ ಆನೆ. ಲುವಾಂಗ್ವಾ ಕಣಿವೆಯ ಇಂಥದೊಂದು ಹಳ್ಳಿಯಲ್ಲಿ ನಾನೂ ಯಜಮಾನರೂ ಸ್ವಯಂಸೇವಕರಾಗಿ ಇದ್ದ ಕಾಲದಲ್ಲಿ ನಮಗೆ ದಿನದ ಮೊದಲ ಸುದ್ದಿ ಸಿಗುತ್ತಿದ್ದದ್ದು ಅಂಗಳದಲ್ಲೇ.

ಹಳ್ಳಿ ಇರುವುದು ಮಾಂಬ್ವೆ ಜಿಲ್ಲೆಯಲ್ಲಿ, ಚಿಪಾಟಾದಿಂದ ಮ್ಫುವೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ಬ್ರಿಟಿಷರು ಫೋರ್ಟ್ ಜೇಮ್ಸನ್ ಎಂದು ಕರೆಯುತ್ತಿದ್ದ ಚಿಪಾಟಾ ಪ್ರಸ್ಥಭೂಮಿಯ ಮೇಲಿನ ಊರು. ಅಲ್ಲಿ ಗುಜರಾತಿ ಮೂಲದ ಮುಸ್ಲಿಂ ವ್ಯಾಪಾರಿಗಳ ಅಂಗಡಿಗಳಿವೆ, ದೂರದಿಂದಲೇ ಕಾಣುವ ಮಸೀದಿ ಇದೆ. ತೊಗರಿಬೇಳೆಗೂ ಇಂಗಿಗೂ ನಾವು ಅಲ್ಲಿಗೇ ಹೋಗುತ್ತಿದ್ದೆವು. ಅಲ್ಲಿಂದ ರಸ್ತೆ ಕಣಿವೆಗೆ ಇಳಿಯತೊಡಗಿದರೆ ಗಾಳಿಯೇ ಬದಲಾಗುತ್ತದೆ. ಮೆಕ್ಕೆಜೋಳದ ಹೊಲಗಳ ನಡುವೆ ದಪ್ಪ ಬುಡದ ಬಾವೋಬಾಬ್ ಮರಗಳು ನಿಲ್ಲುತ್ತವೆ, ಆಮೇಲೆ ಮೈಲಿಗಟ್ಟಲೆ ಮೊಪಾನೆ ಕಾಡು. ಅಕ್ಟೋಬರ್ ತಿಂಗಳಲ್ಲಿ ಕೆಳಗಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಮಿನಿಬಸ್ಸಿನಲ್ಲಿ ಪಕ್ಕದವರ ಮಗು ನಮ್ಮ ತೊಡೆಯ ಮೇಲೆ, ಅವರ ಕೋಳಿ ನಮ್ಮ ಕಾಲಬುಡದಲ್ಲಿ. ಯಾರೂ ಕೇಳುವುದಿಲ್ಲ, ಯಾರೂ ಬೇಡವೆನ್ನುವುದಿಲ್ಲ.

ಈ ದೇಶಕ್ಕೆ ಹೊರಗಿನಿಂದ ಜನ ಕೆಲಸಕ್ಕೆ ಬರುವುದು ಹೊಸದಲ್ಲ. 1964ರ ಅಕ್ಟೋಬರ್ 24ರಂದು ಸ್ವತಂತ್ರವಾದಾಗ ಇಡೀ ಜಾಂಬಿಯಾದಲ್ಲಿ ಪದವಿ ಓದಿದ ಆಫ್ರಿಕನ್ನರು ಹೆಚ್ಚುಕಡಿಮೆ ನೂರು ಮಂದಿ. ತಾಮ್ರದ ಗಣಿಗಳಿಂದ ಸಂಪತ್ತು ಸಾಗಿಸಿದ ಆಡಳಿತ ಶಾಲೆ ಕಟ್ಟಲು ಮನಸ್ಸು ಮಾಡಿರಲಿಲ್ಲ. ಮೊದಲ ಅಧ್ಯಕ್ಷ ಕೆನೆತ್ ಕೌಂಡಾ ಅವರ ಸರ್ಕಾರ ಊರೂರಿಗೂ ಶಾಲೆ ತೆರೆಯಲು ಹೊರಟಾಗ ಮೇಷ್ಟ್ರುಗಳು ಭಾರತದಿಂದಲೂ ಬಂದರು, ಅದರಲ್ಲೂ ದಕ್ಷಿಣದಿಂದ. ನಮ್ಮ ಶಾಲೆಯ ಹಿರಿಯ ಹೆಡ್‌ಮಾಸ್ಟರಿಗೆ ಬೀಜಗಣಿತ ಕಲಿಸಿದ್ದು ಅಂಥ ಒಬ್ಬ ಭಾರತೀಯ ಗುರು. ಆ ಗುರುವಿನ ಕೈಬರಹದ ಅಂದವನ್ನು ಅವರು ನನಗೆ ಎಷ್ಟೋ ಸಲ ಬಣ್ಣಿಸಿದ್ದಾರೆ. ನಾನು ಅಲ್ಲಿಗೆ ಹೋಗುವ ಮುಂಚೆಯೇ ನನ್ನ ಮೇಲೆ ಒಂದು ನಂಬಿಕೆ ಬೆಳೆದಿತ್ತು, ಅದನ್ನು ಬೆಳೆಸಿದವರು ನಾನು ಕಾಣದ ಯಾರೋ ಮೇಷ್ಟ್ರು.

ಈಗ ಬರುವವರು ಬೇರೆ ಬೇರೆ ಕಡೆಯವರು. ಅಮೆರಿಕದ ಪೀಸ್ ಕೋರ್ 1994ರಿಂದ ಇಲ್ಲಿದೆ. ಅದರ ಹುಡುಗ ಹುಡುಗಿಯರು ಹುಲ್ಲು ಹೊದಿಸಿದ ಮಣ್ಣಿಟ್ಟಿಗೆಯ ಗುಡಿಸಲಿನಲ್ಲಿ ಎರಡು ವರ್ಷ ಇರುತ್ತಾರೆ, ಸೈಕಲ್ಲಿನಲ್ಲಿ ಓಡಾಡುತ್ತಾರೆ, ಹಳ್ಳಿಯ ಭಾಷೆಯಲ್ಲೇ ಚೌಕಾಸಿ ಮಾಡುತ್ತಾರೆ. 1965ರಲ್ಲಿ ಶುರುವಾದ ಜಪಾನಿನ ಸ್ವಯಂಸೇವಾ ದಳದವರದು ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಚಿಪಾಟಾದ ಸೂಪರ್‌ಮಾರ್ಕೆಟ್ಟಿನಲ್ಲಿ ತಿಂಗಳ ಸಾಮಾನಿಗೆಂದು ಹೋದಾಗ ಎಲ್ಲರೂ ಸಿಗುತ್ತಿದ್ದರು. ಯಾರ ಊರಿನ ಬೋರ್ ಕೆಟ್ಟಿದೆ, ಯಾರಿಗೆ ಮಲೇರಿಯಾ ಬಂದು ಹೋಯಿತು ಎಂಬ ಸುದ್ದಿಗಳೆಲ್ಲ ಬೆಣ್ಣೆ, ಬಿಸ್ಕತ್ತುಗಳ ಸಾಲಿನ ಮುಂದೆ ನಿಂತೇ ವಿನಿಮಯವಾಗುತ್ತಿದ್ದವು.

ಬೋರಿನ ಕೈಪಂಪಿನ ಬಗ್ಗೆ ಹೇಳಲೇಬೇಕು. ಮೊದಲ ದಿನ ಕೊಡ ಹಿಡಿದು ಹೋದರೆ ಎದುರಿಗೆ ನಿಂತಿದ್ದದ್ದು ಇಂಡಿಯಾ ಮಾರ್ಕ್ 2. ಸಕಲೇಶಪುರದ ಕಡೆಯ ನಮ್ಮೂರಿನಲ್ಲಿ ಚಿಕ್ಕವಳಿದ್ದಾಗ ನೇತಾಡಿಕೊಂಡು ಒತ್ತಿದ್ದು ಇದೇ ಪಂಪನ್ನು. 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ನಮ್ಮ ದೇಶದಲ್ಲೇ ರೂಪುಗೊಂಡ ಪಂಪು. ಒಂದು ಹಳ್ಳಿಯೇ ಇಡೀ ದಿನ ಬಳಸಿದರೂ ತಡೆದುಕೊಳ್ಳಬೇಕೆಂದು ಮಾಡಿದ್ದು, ಆಫ್ರಿಕಾದ ಎಷ್ಟೋ ದೇಶಗಳಿಗೆ ಹೋಯಿತು. ಇಲ್ಲಿ ಬೆಳಗ್ಗೆ ಐದಕ್ಕೇ ಹಳದಿ ಕ್ಯಾನುಗಳು ಸಾಲು ಹಚ್ಚಿರುತ್ತವೆ. ಇಪ್ಪತ್ತು ಲೀಟರಿನ ಕ್ಯಾನನ್ನು ಹತ್ತು ವರ್ಷದ ಹುಡುಗಿ ತಲೆಯ ಮೇಲೆ ಕೈ ಹಿಡಿಯದೆ ಹೊತ್ತು ನಡೆಯುತ್ತಾಳೆ. ಆ ಮಕ್ಕಳು ಎಂಟು ಗಂಟೆಗೆ ತರಗತಿಯಲ್ಲಿ ತೂಕಡಿಸಿದರೆ ಗದರಿಸಲು ನನಗೆ ಬಾಯಿ ಬರುತ್ತಿರಲಿಲ್ಲ.

ಯಾರ ಮನೆಗೆ ಹೋದರೂ ಅಂಗಳದ ಅಂಚಿನಲ್ಲಿ ನಿಂತು "ಓಡಿ" ಎಂದು ಕೂಗಬೇಕು. ಒಳಗಿನಿಂದ "ಓಡೀನಿ" ಎಂದು ಬಂದ ಮೇಲೆಯೇ ಹೆಜ್ಜೆ ಇಡಬೇಕು. ಆಮೇಲೆ ಕುಶಲ. ಮನೆಯವರು ಹೇಗಿದ್ದಾರೆ, ಮಕ್ಕಳು ಹೇಗಿದ್ದಾರೆ, ಬೆಳಗು ಹೇಗೆ ಆಯಿತು. ಕೈಗಳನ್ನು ಮೆಲ್ಲಗೆ ತಟ್ಟುತ್ತಾ ಕೇಳಬೇಕು, ತಟ್ಟುತ್ತಾ ಉತ್ತರಿಸಬೇಕು. ಇದಿಲ್ಲದೆ ಅಂಗಡಿಯಲ್ಲಿ ಒಂದು ಮೊಟ್ಟೆಯನ್ನೂ ಕೇಳುವಂತಿಲ್ಲ. ಹಿರಿಯ ಹೆಂಗಸರೆಲ್ಲ ಅಂಬುಯಾ, ಅಜ್ಜಿಯಂದಿರು. ನಮ್ಮ ಪಕ್ಕದ ಮನೆಯ ಅಂಬುಯಾ ನನ್ನನ್ನು ಮಗಳೆಂದೇ ಲೆಕ್ಕ ಹಾಕಿ ಮೊದಲ ವಾರವೇ ಕೈಗೆ ಮರದ ಸೌಟು ಕೊಟ್ಟು ನ್ಶಿಮಾ ತಿರುವಲು ಕೂರಿಸಿದರು.

ನ್ಶಿಮಾ ನಮ್ಮ ರಾಗಿಮುದ್ದೆಯ ಬಿಳಿಯ ತಂಗಿ. ಕುದಿಯುವ ನೀರಿಗೆ ಮೆಕ್ಕೆಜೋಳದ ಹಿಟ್ಟು ಬಿಟ್ಟು, ಗಂಟಾಗದಂತೆ ತಿರುವಿ ತಿರುವಿ ರಟ್ಟೆ ಸೋಲಬೇಕು. ಉಣ್ಣುವಾಗ ಅಂಗೈಯಲ್ಲಿ ಉಂಡೆ ಮಾಡಿ, ಹೆಬ್ಬೆರಳಿನಿಂದ ಗುಳಿ ಒತ್ತಿ, ಆ ಗುಳಿಯಲ್ಲಿ ಪಲ್ಯ ಎತ್ತಬೇಕು. ಪಲ್ಯವೆಂದರೆ ಹೆಚ್ಚಾಗಿ ಕುಂಬಳದ ಚಿಗುರೆಲೆಗೆ ಕುಟ್ಟಿದ ಕಡಲೆಕಾಯಿ ಹಾಕಿ ಬೇಯಿಸಿದ್ದು. ಅದರ ರುಚಿಗೆ ನಾನು ಇಂದಿಗೂ ಸೋತವಳು. ಇಲ್ಲವೇ ಬೆಂಡೆಕಾಯಿ, ಬೀನ್ಸ್. ಸಂಬಳವಾದ ವಾರ ಕಪೆಂಟಾ ಎಂಬ ಬೆರಳುದ್ದದ ಒಣಮೀನು. ಬೇರೆ ಏನು ತಿಂದಿದ್ದರೂ ನ್ಶಿಮಾ ಉಣ್ಣದಿದ್ದರೆ ಅಲ್ಲಿ ಊಟ ಮಾಡಿದಂತಲ್ಲ. ಆದ್ದರಿಂದ ಜೋಳದ ಮಳೆ ಬಂತೋ ಇಲ್ಲವೋ ಎನ್ನುವುದು ವರ್ಷದ ಎಲ್ಲ ಮಾತಿನ ಬುಡದಲ್ಲಿ ಇರುತ್ತದೆ.

ಶಾಲೆಯಲ್ಲಿ ನನ್ನದು ಗಣಿತ. 2022ರ ಜನವರಿಯಿಂದ ಸರ್ಕಾರ ಪ್ರೌಢಶಾಲೆಯವರೆಗೂ ಶುಲ್ಕ ತೆಗೆದುಹಾಕಿದ ಮೇಲೆ ಮನೆಯಲ್ಲಿ ಉಳಿದಿದ್ದ ಮಕ್ಕಳೆಲ್ಲ ಬಂದು ಸೇರಿದ್ದರು. ಒಂದು ಬೆಂಚಿಗೆ ನಾಲ್ವರು, ಉಳಿದವರು ನೆಲಕ್ಕೆ. ಕಿಟಕಿಯ ಆಚೆಯಿಂದ ಪಾಠ ಕೇಳಿ ಲೆಕ್ಕ ಬಿಡಿಸಿದವರೂ ಇದ್ದರು. ಯಜಮಾನರು ಆರೋಗ್ಯ ಕೇಂದ್ರದ ಪ್ರಯೋಗಾಲಯದಲ್ಲಿ ಯುವಕರಿಗೆ ರಕ್ತಪರೀಕ್ಷೆ ಕಲಿಸುತ್ತಿದ್ದರು. ಮಳೆ ಶುರುವಾದರೆ ಅವರು ಮನೆಗೆ ಬರುತ್ತಿದ್ದದ್ದೇ ರಾತ್ರಿ, ಕೇಂದ್ರದ ಮುಂದೆ ಜ್ವರದ ಮಕ್ಕಳನ್ನು ಚಿತೆಂಗೆ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡ ತಾಯಂದಿರ ಸಾಲು ಅಷ್ಟು ಉದ್ದ.

ಜನವರಿ, ಫೆಬ್ರವರಿ ಹಸಿವಿನ ತಿಂಗಳುಗಳು. ಹಳೆಯ ಜೋಳ ಮುಗಿದಿರುತ್ತದೆ, ಹೊಸದು ಇನ್ನೂ ತೆನೆ ಕಟ್ಟುತ್ತಿರುತ್ತದೆ. ತೆನೆ ಹಾಲುಗಟ್ಟಿದ ವಾಸನೆ ಮನುಷ್ಯರಿಗಿಂತ ಮೊದಲು ಆನೆಗಳಿಗೆ ತಿಳಿಯುತ್ತದೆ. ಆಗ ಗಂಡಸರು ಹೊಲದ ನಡುವೆ ಅಟ್ಟಣೆ ಕಟ್ಟಿ, ತಗಡು ಬಡಿಯುತ್ತಾ, ಬೆಂಕಿ ಹಾಕಿ ರಾತ್ರಿ ಕಳೆಯುತ್ತಾರೆ. ಆನೆಯ ಲದ್ದಿಗೆ ಮೆಣಸಿನಪುಡಿ ಕಲಸಿ ಇಟ್ಟಿಗೆ ತಟ್ಟಿ ಒಣಗಿಸಿ ಹೊಲದ ಅಂಚಿನಲ್ಲಿ ಸುಡುತ್ತಾರೆ. ಆ ಘಾಟಿಗೆ ಆನೆ ಸೊಂಡಿಲು ತಿರುಗಿಸುತ್ತದೆ. ಕನ್ಸರ್ವೇಶನ್ ಸೌತ್ ಲುವಾಂಗ್ವಾ ಎಂಬ ಸಂಸ್ಥೆ ಇದನ್ನು ಹಳ್ಳಿ ಹಳ್ಳಿಗೆ ಕಲಿಸಿದೆ, ಆನೆ ಒಡೆಯಲಾಗದ ಕಣಜಗಳನ್ನೂ ಕಟ್ಟಿಸುತ್ತಿದೆ. ಸಕಲೇಶಪುರ, ಆಲೂರಿನ ಕಾಫಿ ತೋಟಗಳಲ್ಲಿ ಆನೆ ಎಂದೊಡನೆ ಮಕ್ಕಳನ್ನು ಒಳಗೆ ಎಳೆದುಕೊಳ್ಳುವ ಮನೆಯಲ್ಲಿ ಬೆಳೆದ ನನಗೆ ಆ ತಗಡಿನ ಸದ್ದು ಹೊಸದಾಗಿರಲಿಲ್ಲ.

2024ರಲ್ಲಿ ಮಳೆಯೇ ಕೈಕೊಟ್ಟಿತು. ಫೆಬ್ರವರಿ ಕೊನೆಗೆ ಸರ್ಕಾರ ಬರವನ್ನು ರಾಷ್ಟ್ರೀಯ ವಿಪತ್ತೆಂದು ಘೋಷಿಸಿತು. ಕರೀಬಾ ಅಣೆಕಟ್ಟಿನಲ್ಲಿ ನೀರಿಳಿದು ಪೇಟೆಗಳಲ್ಲಿ ಕರೆಂಟು ಹೋಯಿತು. ನಮ್ಮ ಹಳ್ಳಿಗೆ ಕರೆಂಟೇ ಇರಲಿಲ್ಲ, ಹಾಗಾಗಿ ಅಲ್ಲಿ ಹೋದದ್ದು ಜೋಳ. ಅಂಬುಯಾರ ಕಣಜ ಅರ್ಧವೂ ತುಂಬಲಿಲ್ಲ.

ಆ ವರ್ಷದ ಆಗಸ್ಟ್ ರಜೆಯಲ್ಲಿ ನಾವು ಸಫಾರಿಗೆ ಹೋದೆವು. ಪೀಸ್ ಕೋರಿನ ಇಬ್ಬರು, ಜಪಾನಿನ ಒಬ್ಬ ನರ್ಸು, ನಾವಿಬ್ಬರು. ಲುವಾಂಗ್ವಾ ನದಿಗೆ ಮ್ಫುವೆಯಲ್ಲಿ ಒಂದು ಸೇತುವೆ ಇದೆ. ಈಚೆ ಹಳ್ಳಿಗಳು, ಆಚೆ ದಕ್ಷಿಣ ಲುವಾಂಗ್ವಾ ರಾಷ್ಟ್ರೀಯ ಉದ್ಯಾನ. 9,050 ಚದರ ಕಿಲೋಮೀಟರ್, ಅಂದರೆ ಕೊಡಗು ಜಿಲ್ಲೆಯ ಎರಡು ಪಟ್ಟಿಗಿಂತ ದೊಡ್ಡದು. 1938ರಲ್ಲಿ ಕಾಯ್ದಿಟ್ಟ ಕಾಡಾಗಿ, 1972ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಸುತ್ತ ಬೇಲಿ ಇಲ್ಲ. ಈ ಕಡೆ ನದಿಯೇ ಗಡಿ.

ಒಣಗಾಲದಲ್ಲಿ ಆ ನದಿ ಮರಳ ದಿಬ್ಬಗಳ ನಡುವೆ ಸಣ್ಣ ಹರಿವಾಗಿ ಉಳಿದಿರುತ್ತದೆ. ಉಳಿದ ಮಡುಗಳಲ್ಲಿ ನೀರಾನೆಗಳು ಮೈಗೆ ಮೈ ತಾಗಿಸಿ ಮಲಗಿರುತ್ತವೆ, ಒಂದು ಕೂಗಿದರೆ ಇಡೀ ಮಡುವೇ ಗುಡುಗುತ್ತದೆ. ದಡದಲ್ಲಿ ಬಾಯಿ ತೆರೆದ ಮೊಸಳೆಗಳು. ಪ್ರತಿ ಮಳೆಗಾಲಕ್ಕೂ ದಾರಿ ಬದಲಿಸುವ ನದಿ ಬಿಟ್ಟುಹೋದ ಕಮಾನಿನಂಥ ಕೆರೆಗಳು ಅಲ್ಲಲ್ಲಿ, ಅವುಗಳ ಹಸಿರಿನಲ್ಲಿ ಪುಕು ಜಿಂಕೆಗಳು ಮಂಡಿಯವರೆಗೆ ನೀರಲ್ಲಿ ನಿಂತು ಮೇಯುತ್ತವೆ. ಥಾರ್ನಿಕ್ರಾಫ್ಟ್ ಜಿರಾಫೆಯನ್ನು ಕಾಣಬೇಕೆಂದರೆ ಈ ಕಣಿವೆಗೇ ಬರಬೇಕು, ಕಾಡಿನಲ್ಲಿ ಅದು ಬೇರೆಲ್ಲೂ ಇಲ್ಲ. ಒಣ ಕೊಂಬೆಯ ಮೇಲೆ ನಮ್ಮ ರಾಜ್ಯದ ಹಕ್ಕಿ ನೀಲಕಂಠದ ಹತ್ತಿರದ ಬಂಧು, ಎದೆಗೆ ನೇರಳೆ ಬಳಿದುಕೊಂಡು ಕುಳಿತಿತ್ತು. ಕಡುಗೆಂಪು ಕಳ್ಳಿಪೀರಗಳ ಮೊದಲ ಗುಂಪುಗಳು ಆಗಷ್ಟೇ ಬರತೊಡಗಿದ್ದವು. ಇನ್ನು ಕೆಲವು ವಾರಕ್ಕೆ ನೂರಾರು ಹಕ್ಕಿಗಳು ನದಿಯ ಮಣ್ಣಿನ ಗೋಡೆಯಲ್ಲಿ ಬಿಲ ತೋಡುತ್ತವೆ.

ಬಂಡೀಪುರದಲ್ಲಿ 2009ರಿಂದ ರಾತ್ರಿ ವಾಹನ ಸಂಚಾರಕ್ಕೆ ನಿಷೇಧವಿದೆ. ಇಲ್ಲಿ ರಾತ್ರಿಯ ಸಫಾರಿಗೇ ಹೆಸರು. ಮುಂದಿನ ಸೀಟಿನಲ್ಲಿ ಕೂತ ಹುಡುಗ ದೀಪವನ್ನು ಎಡಕ್ಕೆ ಬಲಕ್ಕೆ ಬೀಸುತ್ತಾ ಕಣ್ಣುಗಳ ಹೊಳಪು ಹುಡುಕುತ್ತಾನೆ. ಜಿಂಕೆಯ ಕಣ್ಣು ಕಂಡರೆ ಕೂಡಲೇ ದೀಪ ಪಕ್ಕಕ್ಕೆ ತಿರುಗಿಸುತ್ತಾನೆ, ಬೆಳಕಿಗೆ ಮಂಕಾಗಿ ನಿಂತರೆ ಅದು ಚಿರತೆಯ ಪಾಲಾಗುತ್ತದೆ ಎಂದು. ಪುನುಗು ಬೆಕ್ಕು, ಬಿಳಿಬಾಲದ ಮುಂಗುಸಿ, ಆಮೇಲೆ ಒಂದು ಹೆಣ್ಣು ಚಿರತೆ ದಾರಿಯಲ್ಲೇ ಜೀಪಿನ ಮುಂದೆ ನಡೆದುಹೋಯಿತು. ಅದು ನಮ್ಮ ಕಡೆ ಒಮ್ಮೆಯೂ ತಿರುಗಲಿಲ್ಲ. ಜಪಾನಿನ ನರ್ಸು ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಮರುದಿನ ಉಗುರಿನ ಗುರುತು ಉಳಿದಿತ್ತು.

ಆದರೂ ಈ ಕಾಡು ತನ್ನನ್ನು ಪೂರ್ತಿ ತೋರಿಸಿಕೊಳ್ಳುವುದು ನಡೆಯುವವರಿಗೆ. ನಡಿಗೆಯ ಸಫಾರಿ ಬೆಳೆದದ್ದೇ ಇಲ್ಲಿ, ನಾರ್ಮನ್ ಕಾರ್ ಎಂಬ ವನ್ಯಜೀವಿ ಅಧಿಕಾರಿಯಿಂದ. ಮುಂದೆ ಬಂದೂಕು ಹಿಡಿದ ವನ್ಯಜೀವಿ ಇಲಾಖೆಯ ಕಾವಲುಗಾರ, ಅವರ ಹಿಂದೆ ಗೈಡ್, ಹಿಂದೆ ಒಂದೇ ಸಾಲಿನಲ್ಲಿ ನಾವು. ನೀಲಿ, ಕಪ್ಪು ಬಟ್ಟೆ ಬೇಡ, ತ್ಸೆತ್ಸೆ ನೊಣ ಮುತ್ತುತ್ತದೆ ಎಂದು ಮೊದಲೇ ಹೇಳಿದ್ದರು. ಜೀಪಿನಲ್ಲಿ ಕೂತವರಿಗೆ ಸಿಂಹ ಬೇಕು. ನಡೆಯುವಾಗ ಲದ್ದಿಯೂ ಸಾಕು. ಕತ್ತೆಕಿರುಬದ ಹಿಕ್ಕೆ ಮೂಳೆಯ ಸುಣ್ಣದಿಂದ ಬೆಳ್ಳಗಿರುವುದನ್ನು ಅಲ್ಲಿ ನೋಡಿದೆವು. ಬಿಸಿಲುಗಾಲದಲ್ಲೇ ಹಸಿರಾಗಿ, ಮಳೆಗಾಲದಲ್ಲಿ ಎಲೆ ಉದುರಿಸುವ ಒಂದು ಬಗೆಯ ಜಾಲಿಮರದ ಕಾಯಿಗಳನ್ನು ಆನೆ ತಿಂದು, ಅದರ ಲದ್ದಿಯಲ್ಲಿ ಬೀಜ ಮೊಳೆತಿರುವುದನ್ನು ಗೈಡ್ ಕೋಲಿನಿಂದ ಬಿಡಿಸಿ ತೋರಿಸಿದರು. ಅವರು ಇದೇ ಕಣಿವೆಯ ಕುಂದಾ ಜನರಲ್ಲಿ ಹುಟ್ಟಿದವರು. ಅಜ್ಜ ಬೇಟೆಗಾರರಾಗಿದ್ದರಂತೆ.

ಆನೆಗಳ ಹಿಂಡೊಂದು ಎದುರಾದಾಗ ಗಾಳಿಯ ದಿಕ್ಕು ನೋಡಿ ನಮ್ಮನ್ನು ಹುತ್ತದ ಮರೆಗೆ ಕರೆದುಕೊಂಡು ಹೋದರು. ಆಫ್ರಿಕಾದ ಆನೆಗಳಲ್ಲಿ ಹೆಣ್ಣಿಗೂ ದಂತ ಇರುತ್ತದೆ. ಆದರೆ ಆ ಹಿಂಡಿನ ಹಲವು ಹೆಣ್ಣುಗಳಿಗೆ ಇರಲಿಲ್ಲ. 1970, 80ರ ದಶಕಗಳ ದಂತಬೇಟೆಯಲ್ಲಿ ದಂತವಿದ್ದವು ಸತ್ತು, ಇಲ್ಲದವು ಉಳಿದು ಮರಿ ಹಾಕಿದವು. ಈ ಪ್ರದೇಶದಲ್ಲಿ 1969ರಲ್ಲಿ ನೂರಕ್ಕೆ ಹತ್ತರಷ್ಟಿದ್ದ ದಂತವಿಲ್ಲದ ಹೆಣ್ಣಾನೆಗಳು 1989ರ ಹೊತ್ತಿಗೆ ನೂರಕ್ಕೆ 38ರಷ್ಟಾಗಿದ್ದವು. ಕಪ್ಪು ಖಡ್ಗಮೃಗವಂತೂ ಇಡೀ ದೇಶದಿಂದಲೇ ಅಳಿಯಿತು, 2003ರಿಂದ ಉತ್ತರ ಲುವಾಂಗ್ವಾಕ್ಕೆ ಹೊರಗಿನಿಂದ ತಂದು ಬಿಟ್ಟಿದ್ದಾರೆ. ಆ ತಾಯಾನೆಗಳ ಬರಿದಾದ ಬಾಯಿಯ ಪಕ್ಕಗಳನ್ನು ನೋಡುತ್ತಿದ್ದಾಗ ನನಗೆ ಬಂದ ಸಿಟ್ಟು ಇನ್ನೂ ಆರಿಲ್ಲ.

ಸ್ವಯಂಸೇವೆಯ ಹೆಸರಿನಲ್ಲೇ ನಡೆಯುವ ಇನ್ನೊಂದು ಕೆಡುಕನ್ನೂ ಇಲ್ಲಿ ಹೇಳಬೇಕು. ದಕ್ಷಿಣ ಆಫ್ರಿಕಾ ದೇಶದ ಕೆಲವು ಖಾಸಗಿ ಫಾರಂಗಳಲ್ಲಿ ಹಣ ಕೊಟ್ಟು ಬರುವ ಯುವಜನರಿಗೆ ಸಿಂಹದ ಮರಿಗಳಿಗೆ ಬಾಟಲಿ ಹಾಲು ಕುಡಿಸುವ ಕೆಲಸ ಕೊಡುತ್ತಾರೆ, ಮರಿ ಅನಾಥ ಎಂದು ನಂಬಿಸುತ್ತಾರೆ. ಹುಟ್ಟಿದ ಕೆಲವೇ ದಿನಕ್ಕೆ ತಾಯಿಯಿಂದ ಕಿತ್ತ ಮರಿಗಳವು. ಬೆಳೆದ ಮೇಲೆ ಬೇಲಿಯೊಳಗೆ ನಿಲ್ಲಿಸಿ ಗುಂಡು ಹೊಡೆಯಲು ಮಾರುತ್ತಾರೆ. 2015ರ 'ಬ್ಲಡ್ ಲಯನ್ಸ್' ಸಾಕ್ಷ್ಯಚಿತ್ರ ಇದನ್ನು ಬಯಲಿಗೆ ತಂದಿತು, 2021ರಲ್ಲಿ ಅಲ್ಲಿನ ಸರ್ಕಾರ ಈ ಸಾಕಣೆಯನ್ನು ಕೊನೆಗೊಳಿಸುವ ಶಿಫಾರಸನ್ನು ಒಪ್ಪಿಕೊಂಡಿತು. ಆಫ್ರಿಕಾಕ್ಕೆ ಸೇವೆಗೆ ಹೋಗುತ್ತೇನೆಂದು ಯಾರಾದರೂ ನಮ್ಮ ಕಡೆಯ ಮಕ್ಕಳು ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಕಾಡಿನ ಪ್ರಾಣಿಯನ್ನು ಮುಟ್ಟಲು ಬಿಡುವ ಜಾಗಕ್ಕೆ ಹೋಗಬೇಡಿ.

ಸಂಜೆ ದಡದ ಮೇಲೆ ಕುರ್ಚಿ ಹಾಕಿ ಎಲ್ಲರೂ ಸೂರ್ಯಾಸ್ತಕ್ಕೆ ಕಾದರು. ಕೆಂಪು ನೀರಿನಲ್ಲಿ ಆನೆಗಳು ಒಂದರ ಹಿಂದೆ ಒಂದು ನದಿಗಿಳಿದವು, ಮರಿಯನ್ನು ನಡುವೆ ಇಟ್ಟುಕೊಂಡು ದಾಟತೊಡಗಿದವು. ಕ್ಯಾಮೆರಾಗಳು ಸದ್ದು ಮಾಡಿದವು. ಅಷ್ಟು ಚೆಂದದ ನೋಟವನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ನಾವು ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆನೆಗಳು ದಾಟುತ್ತಿದ್ದದ್ದು ಹಳ್ಳಿಗಳ ದಡಕ್ಕೆ, ಕಣಜಗಳಿರುವ ಕಡೆಗೆ.

ಅಂಬುಯಾರ ಅರೆಬರೆ ತುಂಬಿದ ಕಣಜವನ್ನು ಆನೆ ಒಡೆದದ್ದು ಆ ತಿಂಗಳಲ್ಲೇ. ನಾವು ಹಿಂದಿರುಗಿದಾಗ ಅವರು ಮಣ್ಣಿನಲ್ಲಿ ಬೆರೆತ ಕಾಳುಗಳನ್ನು ಮೊರದಲ್ಲಿ ಕೇರುತ್ತಾ ಕುಳಿತಿದ್ದರು. ಕುಶಲ ಕೇಳುವುದನ್ನು ಆವತ್ತೂ ಬಿಡಲಿಲ್ಲ. ಸಫಾರಿ ಚೆನ್ನಾಗಿತ್ತೇ ಎಂದರು. ಚಿರತೆ ಕಂಡಿತೆಂದಾಗ, ತನ್ನ ಮಗಳಿಗೆ ಒಳ್ಳೆಯದಾಯಿತೆಂಬ ಹಾಗೆ ಸಂತೋಷಪಟ್ಟರು.

ಪ್ರವಾಸಿಗರ ಹಣ ಹಳ್ಳಿಗೂ ಸೇರಬೇಕೆಂಬ ವಿಚಾರ ಈ ಕಣಿವೆಯಲ್ಲಿ ಹಳೆಯದು. 1950ರಲ್ಲೇ ನಾರ್ಮನ್ ಕಾರ್ ಮತ್ತು ಕುಂದಾ ಜನರ ಮುಖ್ಯಸ್ಥ ನ್ಸೆಫು ಸೇರಿ ಪ್ರವಾಸಿ ಬಿಡಾರವೊಂದನ್ನು ಕಟ್ಟಿದರು, ಅದರ ಆದಾಯ ಸಮುದಾಯಕ್ಕೆ ಹೋಗುತ್ತಿತ್ತು. ಕೊಮಾಕೊ ಎಂಬ ಸಂಸ್ಥೆ 2003ರಿಂದ ಉರುಳು, ನಾಡಬಂದೂಕು ಒಪ್ಪಿಸಿದವರಿಗೆ ಬೇಸಾಯ ಕಲಿಸಿ, ಅವರ ಕಡಲೆಕಾಯಿ ಕೊಂಡು, ಕಡಲೆಕಾಯಿ ಬೆಣ್ಣೆ ಮಾಡಿ 'ಇಟ್ಸ್ ವೈಲ್ಡ್' ಹೆಸರಿನಲ್ಲಿ ಮಾರುತ್ತದೆ. ನಾವು ಇದ್ದಷ್ಟು ದಿನ ಬೇರೆ ಬೆಣ್ಣೆ ತಿನ್ನಲಿಲ್ಲ. ಮ್ಫುವೆಯ ಲಾಡ್ಜುಗಳಲ್ಲಿ ಅಡುಗೆಯವರು, ಚಾಲಕರು, ಗೈಡುಗಳು ಹೆಚ್ಚಾಗಿ ಸ್ಥಳದವರೇ. ಇಷ್ಟಿದ್ದರೂ ಆನೆ ತಿಂದ ಜೋಳಕ್ಕೆ ಜಾಂಬಿಯಾದಲ್ಲಿ ಸರ್ಕಾರಿ ಪರಿಹಾರ ಇಲ್ಲ.

ಇದನ್ನು ನನಗೆ ಬಿಡಿಸಿ ಹೇಳಿದ್ದು ಮಕ್ಕಳು. ಚಿಪೆಂಬೆಲೆಯಂಥ ಶಿಕ್ಷಣ ಸಂಸ್ಥೆಗಳು ಕಣಿವೆಯ ಮಕ್ಕಳನ್ನು ಉದ್ಯಾನಕ್ಕೆ ಕರೆದೊಯ್ಯುತ್ತವೆ. ಸೆಪ್ಟೆಂಬರಿನಲ್ಲಿ ನಮ್ಮ ಶಾಲೆಯವರೂ ಒಂದು ಲಾರಿ ಗೊತ್ತುಮಾಡಿದರು. ಹೆಚ್ಚಿನವರು ಸೇತುವೆ ದಾಟಿದ್ದು ಅದೇ ಮೊದಲು. ಜಿರಾಫೆ ಕಂಡಾಗ ಲಾರಿಯೇ ಕುಣಿಯಿತು. ಆನೆ ಕಂಡಾಗ ಎಲ್ಲರೂ ಸುಮ್ಮನಾದರು. ಅಂಬುಯಾರ ಮೊಮ್ಮಗಳು ಮಾತ್ರ ಗೈಡನ್ನು ಕೇಳಿದಳು:

"ಸರ್, ನಮ್ಮ ಕಣಜ ಒಡೆದದ್ದು ಇದೇ ಹಿಂಡೇ?"

"ಇರಬಹುದು ಕಣಮ್ಮ. ನಮ್ಮಮ್ಮನ ಹೊಲಕ್ಕೂ ಬಂದಿತ್ತು."

"ಅಮ್ಮನಿಗೆ ಯಾರಾದರೂ ದುಡ್ಡು ಕೊಟ್ಟರೇ?"

"ಇಲ್ಲ."

ಆಮೇಲೆ ಅವಳು ನನ್ನ ಕಡೆ ತಿರುಗಿದಳು. "ಮೇಡಂ, ನಿಮ್ಮ ದೇಶದಲ್ಲಿ?"

ನಮ್ಮಲ್ಲಿ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ ಎಂದೆ. ಅರ್ಜಿ ಹಾಕಬೇಕು, ಪಹಣಿ ಇಡಬೇಕು, ಬೆಳೆಹಾನಿಯ ಫೋಟೊ ತೋರಿಸಬೇಕು, ಬರುವುದು ತಡ, ಕಳೆದುಕೊಂಡಷ್ಟು ಬರುವುದಿಲ್ಲ, ಆದರೂ ಕೊಡುತ್ತಾರೆ. ಲಾರಿಯಲ್ಲಿ ಗದ್ದಲವೆದ್ದಿತು. ಎಷ್ಟು ಕೊಡುತ್ತಾರೆ, ಫೋಟೊ ತೆಗೆಯಲು ಫೋನು ಯಾರದು, ಪಹಣಿ ಎಂದರೇನು, ಮುಖ್ಯಸ್ಥರ ಜಮೀನಾದರೆ ಯಾರ ಹೆಸರಿಗೆ ಕೊಡುತ್ತಾರೆ. ಊರು ಬರುವವರೆಗೂ ಕೇಳಿದರು.

ಮರುದಿನ ಆ ಲೆಕ್ಕವನ್ನೇ ಬೋರ್ಡಿನ ಮೇಲೆ ಬರೆದೆ. ಒಂದು ಕಣಜಕ್ಕೆ ಇಷ್ಟು ಬಕೆಟ್ಟು, ಐವತ್ತು ಕಿಲೋ ಚೀಲಕ್ಕೆ ಸರ್ಕಾರದ ಖರೀದಿ ಬೆಲೆ ಇಷ್ಟು, ಹಳ್ಳಿಯಲ್ಲಿ ಆ ವರ್ಷ ಒಡೆದ ಕಣಜಗಳು ಇಷ್ಟು. ಕೊನೆಯ ಸಂಖ್ಯೆಯನ್ನು ಮಕ್ಕಳೇ ಮನೆ ಮನೆ ಕೇಳಿ ತಂದಿದ್ದರು. ಉತ್ತರ ಬಂದ ಮೇಲೆ ಅಂಬುಯಾರ ಮೊಮ್ಮಗಳು ನೋಟ್‌ಬುಕ್ಕಿನ ನಡುವಿನ ಹಾಳೆ ತೆಗೆದು ಅದನ್ನು ಇಂಗ್ಲಿಷಿನಲ್ಲಿ ಪತ್ರವಾಗಿ ಬರೆದಳು. ಹೆಡ್‌ಮಾಸ್ಟರು ಎರಡು ಸಲ ಓದಿ, ಒಂದು ಕಾಗುಣಿತ ತಿದ್ದಿಸಿ, ಶಾಲೆಯ ಮೊಹರು ಒತ್ತಿ ಮುಖ್ಯಸ್ಥರ ಕಚೇರಿಗೆ ಕಳಿಸಿದರು. ಅದರ ಒಂದು ಪ್ರತಿಯನ್ನು ವನ್ಯಜೀವಿ ಇಲಾಖೆಗೂ.